ಕೊಂಕು ಎಲ್ಲಿ ಕೂತಿರುತ್ತದೆ?

ಪ್ರೀತಿಯ ಗೆಳತಿ,

ನಿನ್ನ ಕಥೆ ಓದಿದೆ. ಮದುವೆಮನೆಯ ಭಾಗವನ್ನು ಎರಡು ಸಲ ಓದಿದೆ. ಒಂದೇ ಪುಟದಲ್ಲಿ ಅತ್ತೆ ಮೂರು ಸಲ ‘ಕೊಂಕು ನುಡಿದರು’, ಒಂದು ಸಲ ‘ಕುಹಕವಾಡಿದರು’, ಕೊನೆಗೆ ‘ಮೂದಲಿಸಿದರು’. ಎಲ್ಲಾ ಒಂದೇ ಅಂದುಕೊಂಡು ಪದ ಬದಲಾಯಿಸುತ್ತಾ ಹೋಗಿದ್ದೀಯ, ಅಲ್ವಾ? ಒಂದೇ ಅಲ್ಲ.

ಮೂದಲಿಕೆಗೆ ಮುಚ್ಚುಮರೆ ಇಲ್ಲ. ರನ್ನನ ಗದಾಯುದ್ಧದಲ್ಲಿ ಭೀಮ ವೈಶಂಪಾಯನ ಸರೋವರದ ದಡದಲ್ಲಿ ನಿಂತು ಮೂದಲಿಸುತ್ತಾನೆ. ಒಳಗೆ ಅಡಗಿದ ದುರ್ಯೋಧನ ನೀರಿನಲ್ಲಿದ್ದೂ ಬೆವರುತ್ತಾನೆ. ಯಾರು ಯಾರಿಗೆ ಅಂದರು ಅನ್ನುವುದರಲ್ಲಿ ಅನುಮಾನವೇ ಇಲ್ಲ. ಕುಹಕ ಸಂಸ್ಕೃತದಿಂದ ಬಂದದ್ದು, ಮೂಲದಲ್ಲಿ ವಂಚನೆ ಅಂತ ಅರ್ಥ. ಅದರೊಳಗೆ ಒಂದು ಹೂಟ ಇರುತ್ತದೆ.

ನಿನ್ನ ಅತ್ತೆಯದು ಕೊಂಕೇ. ಕೊಂಕು ಅಂದರೆ ಬಾಗಿದ್ದು, ಡೊಂಕಾದದ್ದು. ಮಾತು ಮೇಲ್ನೋಟಕ್ಕೆ ನೆಟ್ಟಗೇ ಇರುತ್ತದೆ. ಎಲ್ಲೋ ಒಂದು ಕಡೆ ಸ್ವಲ್ಪ ಬಾಗಿರುತ್ತದೆ, ಅಷ್ಟೆ. ಆ ಬಾಗು ಎಲ್ಲಿದೆ ಅಂತ ಹುಡುಕುವುದೇ ನಿನ್ನ ಕೆಲಸ.

ಒಮ್ಮೆ ಒಂದು ಮದುವೆಯಲ್ಲಿ ನೋಡಿದ್ದು. ಹಿರಿಯ ಹೆಂಗಸೊಬ್ಬರು ಹೊಸ ಸೊಸೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. ‘ಚೆನ್ನಾಗಿದೆ ಕಣೇ, ದೂರದಿಂದ ರೇಷ್ಮೆ ಅಂತಲೇ ಅನ್ಸುತ್ತೆ’ ಅಂದರು. ಹುಡುಗಿ ನಕ್ಕಳು. ಆಮೇಲೆ ಊಟದ ಹೊತ್ತಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಚ್ಚಿಟ್ಟುಕೊಂಡಿದ್ದಳು.

ಆ ‘ಅಂತಲೇ’ ನೋಡು. ಕನ್ನಡದಲ್ಲಿ ಕೊಂಕು ಇಂಥ ಪುಟ್ಟ ಜಾಗದಲ್ಲೇ ಜಾಸ್ತಿ ಕೂರುವುದು. ‘ನೀನು ಪಾಸಾದೆಯಾ’ ಅನ್ನುವುದು ಪ್ರಶ್ನೆ. ‘ನೀನೂ ಪಾಸಾದೆಯಾ’ ಅಂದರೆ ಮುಳ್ಳು. ‘ಅವನು ಕವಿ’ ಅನ್ನುವುದಕ್ಕೂ ‘ಅವನು ಕವಿಯಂತೆ’ ಅನ್ನುವುದಕ್ಕೂ ಎಷ್ಟು ದೂರ! ಒಂದು ದೀರ್ಘ, ಒಂದು ‘ಅಂತೆ’ ಇಷ್ಟು ಕೆಲಸ ಮಾಡುತ್ತಿರುವಾಗ ಪಕ್ಕದಲ್ಲಿ ‘ಎಂದು ಕೊಂಕು ನುಡಿದರು’ ಅಂತ ಚೀಟಿ ಯಾಕೆ ಅಂಟಿಸುತ್ತೀಯ? ಸುಮ್ನೆ ‘ಅಂದರು’ ಅಂತ ಬರೆ.

ನನ್ನ ಮೊದಲ ಕಥೆ ಅಚ್ಚಾದಾಗ ಹತ್ತಿರದವರೊಬ್ಬರು ‘ಪರವಾಗಿಲ್ವೇ, ನೀನೂ ಬರೀತೀಯ’ ಅಂದಿದ್ದರು. ಎಷ್ಟೋ ವರ್ಷ ಆಯ್ತು. ಅವರ ಮುಖ ಮಸುಕಾಗಿದೆ, ಆ ‘ನೀನೂ’ ಮಾತ್ರ ಇನ್ನೂ ಕಿವಿಯಲ್ಲಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆ ಪುಟವನ್ನು ಇನ್ನೊಮ್ಮೆ ಬರೆದು ಕಳಿಸು. ಅತ್ತೆ ಏನಂದರು ಅನ್ನುವುದರ ಜೊತೆಗೆ, ಅಂದ ಮೇಲೆ ಸೊಸೆಯ ಕೈ ಏನು ಮಾಡಿತು ಅಂತಲೂ ಬರೆ.

ನಿನ್ನ,
ಹಳೆಯ ಓದುಗ