ಬೋರ್ಡಿಂಗ್ ದರ, ಮುಂಗಡ ಮತ್ತು ಕೊನೆ ಇಂಜೆಕ್ಷನ್ ಬಗ್ಗೆ ನಮ್ಮ ಗ್ರಾಹಕರಿಗೆ

ಪ್ರೀತಿಯ ಗ್ರಾಹಕರಿಗೆ,

ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಪಶು ಕ್ಲಿನಿಕ್ ಮತ್ತು ಬೋರ್ಡಿಂಗ್‌ನಲ್ಲಿ (ನೀವು ಊರಿಗೆ ಹೋದಾಗ ನಾಯಿ ನೋಡಿಕೊಳ್ಳುವ ಜಾಗ) ಮೂರು ವಿಷಯ ಬದಲಾಗುತ್ತಿವೆ. ಬೋರ್ಡಿಂಗ್ ದರ ದಿನಕ್ಕೆ 450 ರೂಪಾಯಿಯಿಂದ 600 ಆಗುತ್ತದೆ. ನಾಯಿ ಬಿಟ್ಟು ಹೋಗುವಾಗ ಮುಂಗಡ ಹಣ ಮತ್ತು ವಿಳಾಸದ ದಾಖಲೆ ಕೊಡಬೇಕು. ಮೂರನೆಯದು, ಆರೋಗ್ಯವಾಗಿರುವ ನಾಯಿಗೆ ಮನೆಯವರು ಕೇಳಿದರು ಅಂತ ಕೊನೆ ಇಂಜೆಕ್ಷನ್, ಅಂದರೆ ನೋವಿಲ್ಲದೆ ಪ್ರಾಣ ಹೋಗುವ ಮದ್ದು, ಕೊಡುವುದಿಲ್ಲ. ಕಾಯಿಲೆ ಬಿದ್ದ ನಾಯಿಗೂ ಪರೀಕ್ಷೆ ಮಾಡದೆ, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳದೆ ಕೊಡುವುದಿಲ್ಲ. ಇಷ್ಟು ದಿನ ಇದನ್ನು ಬಾಯಿಮಾತಿನಲ್ಲಿ ಹೇಳುತ್ತಿದ್ದೆವು. ಈಗ ಬೋರ್ಡಿನಲ್ಲೇ ಬರೆದು ಹಾಕುತ್ತಿದ್ದೇವೆ.

ಹಬ್ಬಕ್ಕೆ, ಮದುವೆಗೆ ಅಂತ ಊರಿಗೆ ಹೊರಡುವ ಹೊತ್ತಿನಲ್ಲಿ ಈ ಸುದ್ದಿ ಹೇಳುತ್ತಿದ್ದೇವೆ. ತೊಂದರೆ ಆಗುತ್ತದೆ ಅಂತ ಗೊತ್ತು, ಕ್ಷಮಿಸಿ. ಹಳೇ ಶೆಡ್ಡಿನ ಕಾಲದಿಂದ ಬರುತ್ತಿರುವವರಿಗೆ ನಾವು ಯಾರು, ಹೇಗೆ ನಡೆಸುತ್ತೇವೆ ಅಂತ ಹೇಳಬೇಕಾಗಿಲ್ಲ. ಆದರೆ ಈಚೆಗೆ ಕೆಲವು ಮಾತು ಕಿವಿಗೆ ಬೀಳುತ್ತಿವೆ. ಅದಕ್ಕೆ ಉತ್ತರ ಕೊಡದೆ ಸುಮ್ಮನಿರಲು ಮನಸ್ಸಾಗಲಿಲ್ಲ.

ಮೊದಲು ದುಡ್ಡಿನ ವಿಷಯ ಮುಗಿಸುತ್ತೇವೆ. "ನಾಯಿಗೆ ಅನ್ನ ಹಾಕಿ ಕಟ್ಟಿಹಾಕುವುದಕ್ಕೆ 600 ರೂಪಾಯಿಯಾ?" ಅಂತ ಕೌಂಟರಿನಲ್ಲಿ ಕೇಳಿದವರಿದ್ದಾರೆ. ನಮ್ಮಲ್ಲಿ ನಾಯಿಯನ್ನು ಇಡೀ ದಿನ ಕಟ್ಟಿಹಾಕುವುದಿಲ್ಲ, ಅದು ನಿಮಗೆ ಗೊತ್ತು. ಬೆಳಿಗ್ಗೆ ಸಂಜೆ ಬಿಟ್ಟು ಓಡಾಡಿಸುತ್ತೇವೆ. ಅದಕ್ಕೆ ಆಳು ಬೇಕು. ರಾತ್ರಿ ಪಾಳಿಗೆ ಒಬ್ಬರು ಬೇಕೇ ಬೇಕು, ಏಕೆಂದರೆ ದೊಡ್ಡ ನಾಯಿಗೆ ಹೊಟ್ಟೆ ಉಬ್ಬರ ಬಂದರೆ ಬೆಳಗಾಗುವವರೆಗೆ ಕಾಯಲು ಆಗುವುದಿಲ್ಲ. ಪ್ಯಾಕೆಟ್ ಆಹಾರದ ಮೇಲೆ ಜಿಎಸ್‌ಟಿ 18 ಶೇಕಡಾ ಇದೆ. ಲಸಿಕೆಗಳನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಮಳೆಗಾಲದಲ್ಲಿ ಶಿವಮೊಗ್ಗದ ಕರೆಂಟು ಹೇಗೆ ಅಂತ ನಿಮಗೇ ಗೊತ್ತಲ್ಲ. ಫ್ರಿಜ್ಜಿಗೆ ಅಂತಲೇ ಬೇರೆ ಇನ್ವರ್ಟರ್ ಹಾಕಿಸಿದ್ದೇವೆ. ಬಿಸಿಯಾಗಿ ಕೆಟ್ಟ ಲಸಿಕೆ ನೋಡಲು ಒಳ್ಳೆಯ ಲಸಿಕೆಯ ಹಾಗೇ ಇರುತ್ತದೆ. ಅದನ್ನು ಚುಚ್ಚಿ ದುಡ್ಡು ತಗೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಕೆಲಸ ನಾವು ಮಾಡಿಲ್ಲ, ಮಾಡುವುದೂ ಇಲ್ಲ. ಸೂಜಿ, ಹತ್ತಿ, ರಕ್ತದ ಬಟ್ಟೆ, ಇವನ್ನೆಲ್ಲ ನಗರಪಾಲಿಕೆಯ ಕಸದ ಗಾಡಿಗೆ ಹಾಕುವ ಹಾಗಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಪಶು ಆಸ್ಪತ್ರೆಗಳಿಗೂ ಅನ್ವಯಿಸುತ್ತದೆ. ಅದನ್ನು ಬೇರೆ ಬೇರೆ ಬಣ್ಣದ ಚೀಲದಲ್ಲಿ ತುಂಬಿ, ದುಡ್ಡು ಕೊಟ್ಟು ಕಳಿಸುತ್ತೇವೆ. ಬಿಲ್ಲಿನಲ್ಲಿ ಇದು ಯಾವುದೂ ಕಾಣುವುದಿಲ್ಲ. ಕಾಣುವುದು 600 ಮಾತ್ರ.

ಲಸಿಕೆ ಕಾರ್ಡ್ ತರದಿದ್ದರೆ ಒಳಗೆ ಬಿಡುವುದಿಲ್ಲ ಅನ್ನುವುದು ಹಳೆಯ ನಿಯಮ. ಅದರಲ್ಲಿ ಬದಲಾವಣೆ ಇಲ್ಲ. ಪಾರ್ವೊ ಅನ್ನುವ ವಾಂತಿ ಭೇದಿ ಕಾಯಿಲೆ ಬಂದ ಒಂದು ಮರಿ ಒಳಗೆ ಬಂದು ಹೋದರೆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್‌ಗೆ ಅದು ಬಗ್ಗುವುದಿಲ್ಲ, ಬ್ಲೀಚಿಂಗ್ ಬೇಕು. ಮರಿಗೆ 6ರಿಂದ 8 ವಾರಕ್ಕೆ ಮೊದಲ ಡೋಸ್, ಆಮೇಲೆ 16 ವಾರ ಆಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ, ಮೂರು ತಿಂಗಳು ತುಂಬಿದ ಮೇಲೆ ರೇಬಿಸ್ ಲಸಿಕೆ. ಇಷ್ಟು ಆಗದ ಮರಿಯನ್ನು ದಯವಿಟ್ಟು ಬೋರ್ಡಿಂಗ್‌ಗೆ ತರಬೇಡಿ. ನಿಮ್ಮ ಮರಿಯ ಜೀವಕ್ಕೇ ಅದು ಅಪಾಯ.

ಮುಂಗಡ ಯಾಕೆ ಅಂತ ಹೇಳುವುದು ನಮಗೆ ಸಂಕಟದ ವಿಷಯ. "ನಾಲ್ಕು ದಿನ ಇರಲಿ, ಬಂದು ಕರೆದುಕೊಂಡು ಹೋಗ್ತೀವಿ" ಅಂತ ಬಿಟ್ಟು ಹೋದವರು ವಾಪಸ್ ಬರುವುದಿಲ್ಲ. ಫೋನ್ ಸ್ವಿಚ್ ಆಫ್. ಕೊಟ್ಟ ವಿಳಾಸದಲ್ಲಿ ಬೇರೆ ಬಾಡಿಗೆದಾರರು. ಇಂಥ ನಾಯಿಗಳು ಈಗಲೂ ನಮ್ಮ ಹಿಂದಿನ ಅಂಗಳದಲ್ಲಿವೆ. ಅವುಗಳ ಊಟ, ಮದ್ದು, ಲಸಿಕೆ ಎಲ್ಲ ನಮ್ಮ ಲೆಕ್ಕದಲ್ಲೇ ನಡೆಯುತ್ತಿದೆ. ಇದರಲ್ಲಿ ಬಹಳಷ್ಟು ಕೊರೊನಾ ಲಾಕ್‌ಡೌನಿನಲ್ಲಿ ತಂದ ಮರಿಗಳು. ಆಗ ಮನೆಯಲ್ಲಿ ಎಲ್ಲರೂ ಇದ್ದರು, ಮಕ್ಕಳಿಗೆ ಆಟಕ್ಕೆ ಬೇಕಿತ್ತು. ಈಗ ಮಕ್ಕಳು ಬೆಂಗಳೂರಿಗೆ ಹೋದರು, ಕೆಲವರು ವಿದೇಶಕ್ಕೂ ಹೋದರು. ಮನೆಯಲ್ಲಿ ಉಳಿದ ಅಪ್ಪ ಅಮ್ಮನಿಗೆ ಮೂವತ್ತು ಕೆಜಿ ನಾಯಿ ಹಿಡಿದು ನಡೆಸಲು ಆಗುವುದಿಲ್ಲ. ಅವರ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಹೇಳದೆ ಬಿಟ್ಟು ಹೋಗುವುದನ್ನು ಒಪ್ಪಲು ಆಗುವುದಿಲ್ಲ.

ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವ ಸ್ಥಿತಿಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಅರುವತ್ತು ವರ್ಷಗಳ ಹಿಂದಿನ ಲೆಕ್ಕ ಅದು. ಹಾಗಾಗಿ ಕಾನೂನಿನ ಹೆದರಿಕೆ ಯಾರಿಗೂ ಇಲ್ಲ. ನಾವು ಕೇಳುವ ಮುಂಗಡ 3,000 ರೂಪಾಯಿ. ನಾಯಿಯನ್ನು ಕರೆದುಕೊಂಡು ಹೋಗುವ ದಿನ ಬಿಲ್ಲಿನಲ್ಲಿ ಕಳೆದು ಉಳಿದದ್ದನ್ನು ಅಲ್ಲೇ ವಾಪಸ್ ಕೊಡುತ್ತೇವೆ.

ಸಾಕಲು ಆಗದೇ ಹೋದರೆ ಮೊದಲೇ ಬಂದು ಹೇಳಿ. ನಾವು ಬೈಯುವುದಿಲ್ಲ. ಬೇರೆ ಮನೆ ಹುಡುಕಲು ಒಂದೆರಡು ತಿಂಗಳು ಬೇಕು. ನಾಯಿಯ ಗುಣ, ಅಭ್ಯಾಸ, ಯಾವುದಕ್ಕೆ ಹೆದರುತ್ತದೆ ಅಂತ ನೀವೇ ಹೇಳಿದರೆ ಹೊಸ ಮನೆಯವರಿಗೆ ಅನುಕೂಲ. "ತೋಟದ ಹತ್ತಿರ ಬಿಟ್ಟರೆ ಹೇಗೋ ಬದುಕಿಕೊಳ್ಳುತ್ತೆ" ಅನ್ನುವವರಿಗೆ ಒಂದು ಮಾತು. ಸೋಫಾ ಮೇಲೆ ಮಲಗಿ ಬೆಳೆದ ನಾಯಿಗೆ ಬೀದಿಯಲ್ಲಿ ಊಟ ಹುಡುಕಲು ಬರುವುದಿಲ್ಲ, ರಸ್ತೆ ದಾಟಲೂ ಬರುವುದಿಲ್ಲ. ಆ ಜಾಗದ ನಾಯಿಗಳು ಅದನ್ನು ಸೇರಿಸುವುದೂ ಇಲ್ಲ. ಹಾಗೆ ಬಿಟ್ಟ ನಾಯಿಗಳನ್ನು ಯಾರೋ ಪುಣ್ಯಾತ್ಮರು ಆಟೋದಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ತರುತ್ತಾರೆ. ಬರುವಾಗ ಅವು ಯಾವ ಸ್ಥಿತಿಯಲ್ಲಿ ಇರುತ್ತವೆ ಅಂತ ನಾವು ನೋಡಿದ್ದೇವೆ.

ಇನ್ನು ಕೊನೆ ಇಂಜೆಕ್ಷನ್ ವಿಷಯ. ನಮ್ಮ ಮೇಲಿರುವ ದೂರು ಇದು: "ನಾಯಿ ನರಳುತ್ತಿದೆ, ಇಂಜೆಕ್ಷನ್ ಕೊಡಿ ಅಂದರೆ ಕೊಡಲ್ಲ. ಬ್ಲಡ್ ಟೆಸ್ಟು, ಸ್ಕ್ಯಾನಿಂಗು ಅಂತ ದುಡ್ಡು ಎಳೀತಾರೆ." ಇದೇ ಮಾತನ್ನು ಭದ್ರಾವತಿಯವರು ಹೇಳಿದ್ದಾರೆ, ಸಾಗರದವರು ಹೇಳಿದ್ದಾರೆ, ನಮ್ಮ ಬೀದಿಯವರೂ ಹೇಳಿದ್ದಾರೆ. ನೋವಾಯಿತು. ಅದಕ್ಕೆ ಪೂರ್ತಿ ಉತ್ತರ ಬರೆಯುತ್ತಿದ್ದೇವೆ.

ಒಂದು ಲ್ಯಾಬ್ರಡಾರ್ ಬಂತು. ಮೂರು ದಿನದಿಂದ ಊಟ ಬಿಟ್ಟಿದೆ, ಎದ್ದು ನಿಲ್ಲುವುದಿಲ್ಲ, ಮೂಗಿನಿಂದ ರಕ್ತ. ಮನೆಯವರು ಅಳುತ್ತಾ "ಇದರ ಕಥೆ ಮುಗಿಯಿತು, ನೋಡಲು ಆಗಲ್ಲ, ಕೊಟ್ಟುಬಿಡಿ ಡಾಕ್ಟ್ರೇ" ಅಂದರು. ಟೆಸ್ಟ್ ಮಾಡಿದೆವು. ಪ್ಲೇಟ್‌ಲೆಟ್ ತಳ ಹಿಡಿದಿತ್ತು, ಎರ್ಲಿಕಿಯಾ ಪಾಸಿಟಿವ್. ಅಂದರೆ ನಾಯಿಯ ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳದಿಂದ ಬರುವ ಜ್ವರ. ನಮ್ಮ ಕಡೆ ಇದು ಬಹಳ ಸಾಮಾನ್ಯ. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ, ಜೊತೆಗೆ ಡ್ರಿಪ್ಪು, ಉಣ್ಣೆಗೆ ಮದ್ದು. ಆ ನಾಯಿ ಈಗಲೂ ಲಸಿಕೆಗೆ ಬರುತ್ತದೆ. ಅವತ್ತು ಟೆಸ್ಟ್ ಇಲ್ಲದೆ ಸಿರಿಂಜು ತುಂಬಿದ್ದರೆ ಮನೆಯವರ ದುಡ್ಡು ಉಳಿಯುತ್ತಿತ್ತು, ನಮ್ಮ ಅರ್ಧ ಗಂಟೆಯೂ ಉಳಿಯುತ್ತಿತ್ತು.

ಆಪರೇಷನ್ ಮಾಡಿಸದ, ವಯಸ್ಸಾದ ಹೆಣ್ಣು ನಾಯಿ ಜಾಸ್ತಿ ನೀರು ಕುಡಿಯುತ್ತದೆ, ವಾಂತಿ ಮಾಡುತ್ತದೆ, ಬಿದ್ದುಕೊಂಡಿರುತ್ತದೆ. "ವಯಸ್ಸಾಯಿತು ಬಿಡಿ" ಅನ್ನುತ್ತಾರೆ. ಸ್ಕ್ಯಾನ್ ಮಾಡಿದರೆ ಎಷ್ಟೋ ಸಲ ಗರ್ಭಕೋಶದಲ್ಲಿ ಕೀವು ತುಂಬಿರುತ್ತದೆ. ಬೇಗ ಆಪರೇಷನ್ ಮಾಡಿದರೆ ಬದುಕುವ ಸಾಧ್ಯತೆ ಜಾಸ್ತಿ. ಈ ಎರಡು ಕಾಯಿಲೆಯನ್ನು ಮುಟ್ಟಿ ನೋಡಿ ಖಚಿತವಾಗಿ ಹೇಳಲು ನಮ್ಮಿಂದ ಆಗುವುದಿಲ್ಲ. ಅದಕ್ಕೇ ಟೆಸ್ಟ್. ಬೇಕಾದರೆ ಟೆಸ್ಟನ್ನು ಬೇರೆ ಕಡೆ ಮಾಡಿಸಿಕೊಂಡು ಬನ್ನಿ, ನಮಗೆ ಬೇಸರವಿಲ್ಲ. ರಿಪೋರ್ಟ್ ಇದ್ದರೆ ಸಾಕು. ಕೈಯಲ್ಲಿ ದುಡ್ಡಿಲ್ಲ ಅಂದರೆ ಮುಚ್ಚಿಡದೆ ಹೇಳಿ. ಕಂತಿನಲ್ಲಿ ಕೊಟ್ಟವರು ಬಹಳ ಜನ ಇದ್ದಾರೆ, ಯಾರ ಹೆಸರನ್ನೂ ನಾವು ಇನ್ನೊಬ್ಬರ ಮುಂದೆ ಹೇಳಿಲ್ಲ.

ಇನ್ನೊಂದು ಮುಖವೂ ಇದೆ. ನರಳುವ ನಾಯಿಯನ್ನು ಸುಮ್ನೆ ಎಳೆದಾಡುವುದಕ್ಕೆ ನಾವು ವಿರೋಧ. ಮೂಳೆ ಕ್ಯಾನ್ಸರ್ ಬಂದು ನೋವಿನ ಮದ್ದು ಕೆಲಸ ಮಾಡುತ್ತಿಲ್ಲ, ಕಿಡ್ನಿ ಪೂರ್ತಿ ಹೋಗಿ ನೀರು ಕೂಡ ಉಳಿಯುತ್ತಿಲ್ಲ, ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಮೆದುಳಿಗೆ ಹತ್ತಿ ಫಿಟ್ಸ್ ನಿಲ್ಲುತ್ತಿಲ್ಲ. ಇಂಥ ಕಡೆ "ಇನ್ನು ಸಾಕು" ಅನ್ನುವ ಮಾತನ್ನು ಮೊದಲು ನಾವೇ ಎತ್ತಿದ್ದೇವೆ. "ಅದಾಗೇ ಹೋಗಲಿ ಡಾಕ್ಟ್ರೇ, ನಮ್ಮ ಕೈಯಿಂದ ಪಾಪ ಬೇಡ" ಅಂತ ಕೆಲವರು ಹಿಂಜರಿಯುತ್ತಾರೆ. ಅವರ ನಂಬಿಕೆಗೆ ಗೌರವ ಇದೆ, ಬಲವಂತ ಮಾಡುವುದಿಲ್ಲ. ಆದರೆ ಆ ಕೊನೆಯ ದಿನಗಳ ನೋವು ಅನುಭವಿಸುವುದು ನಾಯಿ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂತ ಕೈಮುಗಿದು ಕೇಳುತ್ತೇವೆ.

ತೀರ್ಮಾನ ಮಾಡಲು ಒಂದು ಅಳತೆ ಇದೆ. ಆಲಿಸ್ ವಿಲ್ಲಾಲೋಬೋಸ್ ಅನ್ನುವ ಅಮೆರಿಕದ ಪಶುವೈದ್ಯೆ ಮಾಡಿದ್ದು. ಏಳು ಪ್ರಶ್ನೆ: ನೋವು ಹಿಡಿತದಲ್ಲಿದೆಯಾ, ಉಸಿರಾಟ ಸಲೀಸಾ? ತಿನ್ನುತ್ತಿದೆಯಾ? ನೀರು ದೇಹದಲ್ಲಿ ಉಳಿಯುತ್ತಿದೆಯಾ? ಮೈ ಸ್ವಚ್ಛ ಇಡಲು ಆಗುತ್ತಿದೆಯಾ? ನಿಮ್ಮನ್ನು ಕಂಡು ಖುಷಿ ಪಡುತ್ತದೆಯಾ? ಎದ್ದು ಓಡಾಡುತ್ತದೆಯಾ? ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿಯಾ? ಒಂದೊಂದಕ್ಕೂ ಹತ್ತರಲ್ಲಿ ಅಂಕ ಕೊಡಬೇಕು. ಒಟ್ಟು 35ಕ್ಕಿಂತ ಜಾಸ್ತಿ ಬಂದರೆ ಆರೈಕೆ ಮುಂದುವರಿಸಬಹುದು ಅಂತ ಲೆಕ್ಕ. ಇದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೌಂಟರಿನಲ್ಲಿ ಇಟ್ಟಿದ್ದೇವೆ. ಮನೆಯಲ್ಲಿ ಎಲ್ಲರೂ ಬೇರೆ ಬೇರೆ ತುಂಬಿಸಿ ನೋಡಿ. ದಿನಾ ಊಟ ಹಾಕುವ ಅಮ್ಮ ಕೊಡುವ ಅಂಕಕ್ಕೂ ವಾರಕ್ಕೊಮ್ಮೆ ಬರುವ ಮಗ ಕೊಡುವ ಅಂಕಕ್ಕೂ ವ್ಯತ್ಯಾಸ ಇರುತ್ತದೆ. ಮಾತು ಅಲ್ಲಿಂದ ಶುರುವಾಗಲಿ.

ಎರಡನೇ ಅಭಿಪ್ರಾಯಕ್ಕೆ ನಿಮಗೆ ಬೇಕಾದ ಡಾಕ್ಟರ ಹತ್ತಿರ ಹೋಗಬಹುದು. ಊರಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ನಾವು ಚೀಟಿ ಬರೆದುಕೊಡುತ್ತೇವೆ. ಗಾಡಿ ಹರಿದು ಬೆನ್ನು ಮುರಿದ ನಾಯಿಯಂಥ ತುರ್ತಿನಲ್ಲಿ ಈ ನಿಯಮ ಇಲ್ಲ. ಅಲ್ಲಿ ಕಾಯಿಸುವುದೇ ಹಿಂಸೆ.

ಕಚ್ಚಿದ ನಾಯಿಯ ಬಗ್ಗೆಯೂ ಕೇಳುತ್ತಾರೆ. "ಪಕ್ಕದ ಮನೆ ಮಗುವಿಗೆ ಕಚ್ಚಿತು, ಇವತ್ತೇ ಮುಗಿಸಿ" ಅಂತ. ಮೊದಲು ಮಗುವಿನ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಲಸಿಕೆ ಶುರು ಮಾಡಿಸಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ. ನಾಯಿಯನ್ನು 10 ದಿನ ಕಟ್ಟಿ ಕಣ್ಣಿಡಬೇಕು, ಅವಸರದಲ್ಲಿ ಕೊಲ್ಲಬಾರದು. ಆಮೇಲೆ ಯಾಕೆ ಕಚ್ಚಿತು ಅಂತ ನೋಡೋಣ. ಕಿವಿಯಲ್ಲಿ ಕೀವು, ಸೊಂಟದ ನೋವು, ಹಗಲೆಲ್ಲ ಸರಪಳಿ, ಇವುಗಳಿಂದ ಸಿಡುಕುವ ನಾಯಿಗಳು ಬಹಳ. ತಳಿಯೇ ಕೆಟ್ಟದ್ದು ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರದವರು 23 ತಳಿ ಬೇಡ ಅಂತ ಸುತ್ತೋಲೆ ಹೊರಡಿಸಿದಾಗ ರಾಟ್‌ವೀಲರ್ ಸಾಕಿದವರು ಗಾಬರಿಯಾಗಿ ನಮ್ಮ ಬಾಗಿಲಿಗೆ ಬಂದಿದ್ದರು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟೇ ಆ ಸುತ್ತೋಲೆ ರದ್ದು ಮಾಡಿತು. ಅವತ್ತು "ಸ್ವಲ್ಪ ತಡೆಯಿರಿ" ಅಂದಿದ್ದಕ್ಕೆ ಇವತ್ತಿಗೂ ಆ ನಾಯಿಗಳು ಮನೆಯಲ್ಲಿವೆ. ಮದ್ದು, ತರಬೇತಿ, ಬಾಯಿಕುಕ್ಕೆ ಎಲ್ಲ ಮಾಡಿಯೂ ಮತ್ತೆ ಮತ್ತೆ ಜನರ ಮೇಲೆ ಎರಗುವ ನಾಯಿ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆರೋಗ್ಯವಾಗಿರುವ ನಾಯಿಗೆ ಇಂಜೆಕ್ಷನ್ ಇಲ್ಲ ಅನ್ನುವ ನಿಯಮಕ್ಕೆ ಅದೊಂದೇ ಹೊರತು. ಅಲ್ಲಿ ಕಾಲೇಜಿನ ಹಿರಿಯರನ್ನೂ ಕೂರಿಸಿಕೊಂಡು ತೀರ್ಮಾನ ಮಾಡುತ್ತೇವೆ.

ಕೊನೆ ಇಂಜೆಕ್ಷನ್ ಅಂತ ತೀರ್ಮಾನವಾದರೆ ನೀವು ಜೊತೆಗೇ ಇರಬಹುದು. ಮೊದಲು ಮಂಪರು ಬರುವ ಮದ್ದು ಕೊಡುತ್ತೇವೆ. ನಾಯಿ ಮಲಗಿದ ಮೇಲೆ ರಕ್ತನಾಳಕ್ಕೆ ಅರಿವಳಿಕೆ ಮದ್ದನ್ನು ಜಾಸ್ತಿ ಪ್ರಮಾಣದಲ್ಲಿ ಕೊಡುವುದು. ಕಣ್ಣು ತೆರೆದೇ ಇರಬಹುದು, ಉಸಿರು ನಿಂತ ಮೇಲೂ ಒಮ್ಮೆ ಮೈ ಅದುರಬಹುದು. ಅದು ನೋವಲ್ಲ. ಮೊದಲೇ ಹೇಳಿದರೆ ನೀವು ಹೆದರುವುದಿಲ್ಲ ಅಂತ ಬರೆದೆ. ಇದರ ಬಿಲ್ಲನ್ನು ಮೊದಲೇ ಮುಗಿಸಿಕೊಳ್ಳುತ್ತೇವೆ. ಆಮೇಲೆ ಅಳುತ್ತಾ ಯಾರೂ ಕೌಂಟರಿನಲ್ಲಿ ನಿಲ್ಲಬಾರದು. ಮನೆಗೇ ಬನ್ನಿ ಅಂದರೆ ಬರುತ್ತೇವೆ. ಹೂಳಲು ಜಾಗ ಇಲ್ಲದವರಿಗೆ ನಾವೇ ಆಳವಾದ ಗುಂಡಿ ತೆಗೆಸಿ, ಸುಣ್ಣ ಹಾಕಿಸಿ ಮಣ್ಣು ಮಾಡಿಸುತ್ತೇವೆ.

1ನೇ ತಾರೀಖಿಗೆ ಮೊದಲು ಬೋರ್ಡಿಂಗ್ ಬುಕ್ ಮಾಡಿದವರಿಗೆ ಹಳೆಯ ದರವೇ. ಎರಡು ನಾಯಿ ಬಿಡುವವರಿಗೆ ಎರಡನೆಯದಕ್ಕೆ 450. ಬೀದಿ ನಾಯಿ ದತ್ತು ತಗೊಂಡವರಿಗೆ ಮೊದಲ ವರ್ಷದ ಲಸಿಕೆಗೆ ಡಾಕ್ಟರ್ ಫೀಸ್ ಇಲ್ಲ, ಅದು ಮುಂದೆಯೂ ಹಾಗೇ ಇರುತ್ತದೆ. ದೀಪಾವಳಿ ವಾರಕ್ಕೆ ಜಾಗ ಕಡಿಮೆ ಇದೆ. ಪಟಾಕಿಗೆ ಹೆದರುವ ನಾಯಿ ಇದ್ದರೆ ಈಗಲೇ ಹೆಸರು ಬರೆಸಿ. ಈ ಪತ್ರದ ಬಗ್ಗೆ ಏನಾದರೂ ಕೇಳಬೇಕು, ಜಗಳವಾಡಬೇಕು ಅನ್ನಿಸಿದರೆ ಸಂಜೆ 4ರಿಂದ 6ರ ಮಧ್ಯೆ ಬನ್ನಿ. ಆಗ ಪೇಷಂಟ್ ಕಡಿಮೆ, ಕೂತು ಮಾತಾಡಬಹುದು.

ನಿಮ್ಮ,
ಕ್ಲಿನಿಕ್ ಮತ್ತು ಬೋರ್ಡಿಂಗ್‌ನ ಎಲ್ಲರ ಪರವಾಗಿ,
ನಿಮ್ಮ ಡಾಕ್ಟರ್