ಚಾವಣಿ ಸೋಲಾರ್ ಕಾರ್ಮಿಕರ ಒಪ್ಪಂದ: ನೆರವಾದವರೆಲ್ಲರಿಗೂ ನಮ್ಮ ಕೃತಜ್ಞತೆ

ಬೆಂಗಳೂರಿನ ಕಾರ್ಖಾನೆ, ಗೋದಾಮು ಮತ್ತು ಮನೆಗಳ ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವ ನಮ್ಮ ಸಂಘಕ್ಕೂ ನಮ್ಮನ್ನು ಕೆಲಸಕ್ಕಿಟ್ಟುಕೊಂಡಿರುವ ಗುತ್ತಿಗೆ ಸಂಸ್ಥೆಗೂ ನಡುವೆ ಕಳೆದ ವಾರ ಲಿಖಿತ ಒಪ್ಪಂದವಾಗಿದೆ. ಇನ್ನು ಮುಂದೆ ಸೇಫ್ಟಿ ಬೆಲ್ಟನ್ನು ಸಿಕ್ಕಿಸುವ ಲೈಫ್‌ಲೈನ್ ಹಗ್ಗ ಕಟ್ಟುವವರೆಗೆ ಯಾರನ್ನೂ ಚಾವಣಿಯ ಶೀಟಿನ ಮೇಲೆ ಹತ್ತಿಸುವಂತಿಲ್ಲ. ಬಟವಾಡೆಯ ದಿನ ಹಣದ ಜೊತೆಗೆ ಕೂಲಿಯ ಲೆಕ್ಕದ ಚೀಟಿಯೂ ಕೈಗೆ ಬರಬೇಕು. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಮತ್ತು ಪಿಎಫ್ (ಭವಿಷ್ಯ ನಿಧಿ) ಎಲ್ಲರಿಗೂ ಅನ್ವಯಿಸಬೇಕು. ಅಪಾಯಕಾರಿ ಎಂದು ಕಂಡ ಚಾವಣಿಯನ್ನು ಹತ್ತಲು ಒಪ್ಪದವರ ಅಂದಿನ ಕೂಲಿಯನ್ನು ಕಡಿತ ಮಾಡಬಾರದೆಂಬ ಷರತ್ತೂ ಇದರಲ್ಲಿದೆ. ಮಾತುಕತೆ ಬಹುಕಾಲ ಎಳೆದದ್ದು ಮುಖ್ಯವಾಗಿ ಈ ಕೊನೆಯ ಷರತ್ತಿಗಾಗಿಯೇ, ಮತ್ತು ಉಳಿದೆಲ್ಲವುಗಳಿಗಿಂತ ಅದೇ ದೊಡ್ಡದೆಂದು ನಾನು ತಿಳಿದಿದ್ದೇನೆ. ನೆರವಾದವರಲ್ಲಿ ಹಲವರು ತಮ್ಮ ಹೆಸರು ಬರೆಯಬಾರದೆಂದು ಕೇಳಿಕೊಂಡಿರುವುದರಿಂದ ಇಲ್ಲಿ ಯಾರ ಹೆಸರನ್ನೂ ಹೇಳುತ್ತಿಲ್ಲ.

ಮೊದಲ ಕೃತಜ್ಞತೆ ಕಳೆದ ಮಳೆಗಾಲದಲ್ಲಿ ಬಿದ್ದು ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡ ನಮ್ಮ ಜೊತೆಗಾರನಿಗೆ ಮತ್ತು ಅವನ ಹೆಂಡತಿಗೆ ಸಲ್ಲಬೇಕು. ಈಗ ಬಳಕೆಯಲ್ಲಿರುವ 540 ವ್ಯಾಟ್‌ನ ಪ್ಯಾನೆಲ್ ಒಂದರ ತೂಕ ಸುಮಾರು 27 ಕಿಲೋ, ಉದ್ದ ಎರಡು ಮೀಟರಿಗೂ ಹೆಚ್ಚು. ಗಾಳಿ ಬೀಸಿದರೆ ಅದು ಹೊತ್ತವನನ್ನೇ ಹಾಯಿಯಂತೆ ಎಳೆದೊಯ್ಯುತ್ತದೆ. ಪೀಣ್ಯ, ಬೊಮ್ಮಸಂದ್ರಗಳ ಹಳೆಯ ಶೆಡ್ಡುಗಳಲ್ಲಿ ಒಳಗೆ ಬೆಳಕು ಬರಲೆಂದು ತಗಡಿನ ಶೀಟುಗಳ ನಡುವೆ ಅಲ್ಲಲ್ಲಿ ಪಾರದರ್ಶಕ ಶೀಟು ಹಾಕಿರುತ್ತಾರೆ. ವರ್ಷಗಟ್ಟಲೆ ಧೂಳು ಕೂತು ಅದರ ಬಣ್ಣ ತಗಡಿನ ಬಣ್ಣದಂತೆಯೇ ಆಗಿರುತ್ತದೆ, ಬಿಸಿಲಿಗೆ ಬೆಂದು ಹಪ್ಪಳದಂತಾಗಿರುತ್ತದೆ, ಕಾಲಿಟ್ಟರೆ ಮುರಿಯುತ್ತದೆ. ನಮ್ಮವನು ಬಿದ್ದದ್ದು ಹಾಗೆ. ಅವನ ಮೈಮೇಲೆ ಸೇಫ್ಟಿ ಬೆಲ್ಟ್ ಇತ್ತು, ಆದರೆ ಅದನ್ನು ಸಿಕ್ಕಿಸಲು ಆ ಚಾವಣಿಯ ಮೇಲೆ ಏನೂ ಇರಲಿಲ್ಲ. ಬೆಲ್ಟ್ ಕೊಟ್ಟಿದ್ದೇವೆಂದು ಕಾಗದದಲ್ಲಿ ತೋರಿಸಿ ಹೊಣೆ ಕಳಚಿಕೊಳ್ಳಲು ನೋಡಿದವರ ಮುಂದೆ, ಗಂಡ ಆಸ್ಪತ್ರೆಯ ಹಾಸಿಗೆಯಲ್ಲಿರುವಾಗಲೇ, ಆ ತಂಗಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಬಂದು ಇದನ್ನು ಒಂದೂ ಮಾತು ಹೆಚ್ಚು ಕಡಿಮೆಯಾಗದಂತೆ ಹೇಳಿದ್ದರಿಂದಲೇ ಲೈಫ್‌ಲೈನಿನ ಷರತ್ತು ಒಪ್ಪಂದದೊಳಗೆ ಬಂದಿತು.

ವಿದ್ಯುತ್ತಿನ ಅಪಾಯವನ್ನು ನಮಗೆ ಬಿಡಿಸಿ ಹೇಳಿದವರು ನಿವೃತ್ತ ಲೈನ್‌ಮನ್ ಒಬ್ಬರು. ಮೇನ್ ಸ್ವಿಚ್ ಆರಿಸಿದರೆ ಬೀದಿಯ ಕಡೆಯ ಕರೆಂಟು ನಿಲ್ಲುತ್ತದೆಯೇ ಹೊರತು ಬಿಸಿಲಿರುವವರೆಗೆ ಪ್ಯಾನೆಲ್ ಆರುವುದಿಲ್ಲ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ನೂರಾರು ವೋಲ್ಟ್, ದೊಡ್ಡ ಚಾವಣಿಗಳಲ್ಲಿ 1000 ವೋಲ್ಟ್‌ವರೆಗೂ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಇರಬಹುದು. ದಿಕ್ಕು ಬದಲಿಸುತ್ತಲೇ ಇರುವ ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿ ಆರಲು ಅವಕಾಶವಿರುತ್ತದೆ. ಡಿಸಿ ಹಾಗೆ ಇಳಿಯುವುದೇ ಇಲ್ಲವಾದ್ದರಿಂದ ಕರೆಂಟು ಹರಿಯುತ್ತಿರುವಾಗಲೇ ಪ್ಯಾನೆಲ್‌ಗಳ ತಂತಿ ಜೋಡಿಸುವ ಕನೆಕ್ಟರ್ ಕಿತ್ತರೆ ಹೊತ್ತಿದ ಕಿಡಿ ಉರಿಯುತ್ತಲೇ ಇರುತ್ತದೆ. ಮೊದಲು ಡಿಸಿಯನ್ನು ಎಸಿಯಾಗಿಸುವ ಇನ್ವರ್ಟರ್ ಆರಿಸಬೇಕು, ಬಳಿಕ ಡಿಸಿಯನ್ನು ಕಡಿದುಹಾಕುವ ಸ್ವಿಚ್ಚಾದ ಡಿಸಿ ಐಸೊಲೇಟರ್, ಆಮೇಲಷ್ಟೇ ಕನೆಕ್ಟರ್ ಬಿಚ್ಚಬೇಕು ಎಂದು ಆ ಹಿರಿಯರು ಬಾಯಿಪಾಠ ಮಾಡಿಸಿದ ಕ್ರಮವೇ ಈಗ ಒಪ್ಪಂದದ ಅನುಬಂಧವಾಗಿದೆ.

ಎಲ್ಲಕ್ಕಿಂತ ದೊಡ್ಡ ಋಣ ಗಾರ್ಮೆಂಟ್ಸ್ ಕಾರ್ಖಾನೆಗಳ ಅಕ್ಕಂದಿರದು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂಪಡೆಯುವುದಕ್ಕೆ ಕೇಂದ್ರ ಸರ್ಕಾರ ತಂದಿದ್ದ ಹೊಸ ನಿರ್ಬಂಧದ ವಿರುದ್ಧ ಸಾವಿರಾರು ಹೆಂಗಸರು ಹೊಸೂರು ರಸ್ತೆಗಿಳಿದದ್ದನ್ನೂ, ಸರ್ಕಾರ ಆ ನಿಯಮವನ್ನು ಕೈಬಿಟ್ಟದ್ದನ್ನೂ ಈ ಊರು ಮರೆತಿಲ್ಲ. ಅವರಲ್ಲಿ ಕೆಲವರು ಭಾನುವಾರಗಳಂದು, ತಮ್ಮ ವಾರದ ಬಟ್ಟೆ ಒಗೆಯುವ ಕೆಲಸವನ್ನೂ ಬದಿಗಿಟ್ಟು, ನಮಗೆ ಪಾಠ ಹೇಳಲು ಬಂದರು. ವೇತನದಲ್ಲಿ ನಮ್ಮ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25 ಎಂಬ ಇಎಸ್‌ಐ ಲೆಕ್ಕ, ಪಿಎಫ್ ಪಾಸ್‌ಬುಕ್ಕನ್ನು ಫೋನಿನಲ್ಲಿ ತೆರೆದು ಯಾವ ತಿಂಗಳ ಹಣ ಬಿದ್ದಿಲ್ಲವೆಂದು ಹುಡುಕುವ ಬಗೆ, ಕೂಲಿಯಲ್ಲಿ ಹಿಡಿದ ಹಣವನ್ನು ಕಟ್ಟದಿದ್ದರೆ ಎಲ್ಲಿಗೆ ದೂರು ಕೊಡಬೇಕೆಂಬುದು, ಇವೆಲ್ಲವನ್ನೂ ಕಲಿಸಿದವರು ಅವರೇ. ಸೋಲಾರ್ ಹೊಸ ಉದ್ಯಮವೆಂದು ನಮಗೆ ಎಷ್ಟೋ ಸಲ ಹೇಳಲಾಗಿತ್ತು. ಅಕ್ಕಂದಿರು ನಮ್ಮ ಚೀಟಿಗಳನ್ನು ನೋಡಿ, ಇದರಲ್ಲಿ ಹೊಸದೇನೂ ಇಲ್ಲವೆಂದು ನಕ್ಕರು.

ಒಡಿಶಾ, ಬಿಹಾರ, ಬಂಗಾಳಗಳಿಂದ ಬಂದವರೂ ರಾಯಚೂರು, ಕಲಬುರಗಿಯವರೂ ಒಟ್ಟಿಗೆ ದುಡಿಯುವ ನಮ್ಮ ತಂಡಗಳಲ್ಲಿ ಪ್ರತಿಯೊಂದು ಷರತ್ತನ್ನೂ ಎಲ್ಲರಿಗೆ ಅರ್ಥವಾಗುವಂತೆ ಹೇಳಿದ ಕಿರಿಯ ಗೆಳೆಯರಿಗೂ ವಂದನೆಗಳು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಪ್ರಧಾನ ಮಾಲೀಕನೇ ಕೊಡಬೇಕೆಂಬ, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಷ್ಟು ಹಳೆಯ ನಿಯಮವನ್ನು ನೆನಪಿಟ್ಟುಕೊಂಡು, ಬಾಕಿ ತೀರುವವರೆಗೆ ಗುತ್ತಿಗೆಯ ಬಿಲ್ಲನ್ನು ತಡೆಹಿಡಿದ ಒಬ್ಬ ಕಾರ್ಖಾನೆ ವ್ಯವಸ್ಥಾಪಕರು ಮಾಡಿದ್ದು ಸಣ್ಣ ಕೆಲಸವಲ್ಲ.

ಪಾವಗಡದಿಂದ ಬಂದು ಎರಡು ದಿನ ನಮ್ಮೊಂದಿಗೆ ಕೂತ ಸಂಗಾತಿಗಳನ್ನು ವಿಶೇಷವಾಗಿ ನೆನೆಯಬೇಕು. ಅಲ್ಲಿನ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟ ರೈತರಿಗೆ ವರ್ಷವರ್ಷ ಬಾಡಿಗೆ ಬರುತ್ತದೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಭೂಮಿಯಿಲ್ಲದವರಿಗೆ ಬರುವ ಬಾಡಿಗೆ ಯಾವುದೂ ಇಲ್ಲ. ಅವರಲ್ಲಿ ಕೆಲವರು ಈಗ ಪ್ಯಾನೆಲ್ ತೊಳೆಯುವ, ಹುಲ್ಲು ಕತ್ತರಿಸುವ ಕೆಲಸದಲ್ಲಿದ್ದಾರೆ, ಅದೂ ಗುತ್ತಿಗೆಯ ಮೇಲೆ. ಒಂದು ಕೋಟಿ ಮನೆಗಳ ಚಾವಣಿಗೆ ಸೋಲಾರ್ ತರುವುದಾಗಿ ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಯೋಜನೆ ಆರಂಭಿಸಿದೆ. ಆ ಕೋಟಿ ಚಾವಣಿಗಳನ್ನು ಹತ್ತಬೇಕಾದವರ ಹಗ್ಗದ ಖರ್ಚನ್ನು ಟೆಂಡರಿನಲ್ಲಿಯೇ ಪ್ರತ್ಯೇಕವಾಗಿ ನಮೂದಿಸಬೇಕೆಂಬ ಸಲಹೆ ಮೊದಲು ಬಂದದ್ದು ಪಾವಗಡದ ಈ ಸಂಗಾತಿಗಳಿಂದ, ಮತ್ತು ಅದನ್ನೇ ಮನವಿಯಾಗಿ ಬರೆದು ಈ ತಿಂಗಳು ಕಾರ್ಮಿಕ ಇಲಾಖೆಗೆ ಸಲ್ಲಿಸಲಿದ್ದೇವೆ.

ಇಎಸ್‌ಐ ಸಂಖ್ಯೆ ಇನ್ನೂ ಬಂದಿರದ ಸದಸ್ಯರು ಮುಂದಿನ ಭಾನುವಾರದ ಸಭೆಗೆ ಕೊನೆಯ ಬಟವಾಡೆ ಚೀಟಿಯನ್ನೂ ಆಧಾರ್ ಪ್ರತಿಯನ್ನೂ ತರಬೇಕು. ಅಕ್ಕಂದಿರು ಅಂದೂ ಬರುತ್ತಾರೆ. ಈ ಸಲ ಅವರ ಊಟದ ವ್ಯವಸ್ಥೆ ಸಂಘದ್ದು.