ಗೆಜ್ಜೆಯ ಜೊತೆಗೆ ಪುಸ್ತಕವೂ ಬೇಕು: ಶಿರಸಿಯ ನೃತ್ಯಶಾಲೆಯಿಂದ ಒಂದು ಮನವಿ

ಕಲಾಭಿಮಾನಿಗಳೇ, ಪಾಲಕರೇ, ಊರು ಬಿಟ್ಟು ದೂರ ಇದ್ದರೂ ಊರಿನ ಸುದ್ದಿ ವಿಚಾರಿಸುವ ಬಂಧುಗಳೇ, ನಮಸ್ಕಾರ.

ಶಿರಸಿಯ ನಮ್ಮ ನೃತ್ಯಶಾಲೆಯಲ್ಲಿ ಈ ವರ್ಷ ಎರಡು ಕೆಲಸಕ್ಕೆ ಕೈ ಹಾಕಿದ್ದೇವೆ. ಒಂದು, ನೃತ್ಯದ ಪುಸ್ತಕಗಳಿಗೇ ಮೀಸಲಾದ ಓದುವ ಕೋಣೆ. ಇನ್ನೊಂದು, ದೀಪಾವಳಿ ಕಳೆದ ಮೇಲೆ ಯುಗಾದಿಯೊಳಗೆ ನಾಲ್ಕು ಸಂಜೆ ಪೂರ್ಣ ಪ್ರಮಾಣದ ಪ್ರದರ್ಶನ. ಎಲ್ಲ ಸೇರಿ ₹7,50,000 ಬೇಕು. ಅದಕ್ಕಾಗಿ ನಿಮ್ಮ ಮುಂದೆ ಬಂದಿದ್ದೇವೆ. ಎರಡನ್ನೂ ಒಟ್ಟಿಗೇ ಯಾಕೆ ಕೇಳುತ್ತಿದ್ದೇವೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇವೆ, ದಯವಿಟ್ಟು ಓದಿ.

ನಮ್ಮ ಮಕ್ಕಳು ಭರತನಾಟ್ಯವನ್ನು ಚೆನ್ನಾಗಿ ಕುಣಿಯುತ್ತಾರೆ. ಜೂನಿಯರ್, ಸೀನಿಯರ್ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ತರುತ್ತಾರೆ. ಆದರೆ ಥಿಯರಿ ಅಂದರೆ ಅವರ ಕೈಗೆ ಸಿಗುವುದು ಝೆರಾಕ್ಸ್ ಮಾಡಿದ ನೋಟ್ಸ್. ಅದೂ ಝೆರಾಕ್ಸಿನ ಝೆರಾಕ್ಸು. ಒತ್ತು ಯಾವುದು, ದೀರ್ಘ ಯಾವುದು ಗೊತ್ತಾಗುವುದಿಲ್ಲ. 'ಯತೋ ಹಸ್ತಸ್ತತೋ ದೃಷ್ಟಿಃ' ಶ್ಲೋಕ ಎಲ್ಲರಿಗೂ ಬಾಯಿಪಾಠ. ಕೈ ಹೋದಲ್ಲಿ ಕಣ್ಣು, ಕಣ್ಣು ಹೋದಲ್ಲಿ ಮನಸ್ಸು, ಮನಸ್ಸು ಇದ್ದಲ್ಲಿ ಭಾವ, ಭಾವ ಇದ್ದಲ್ಲಿ ರಸ. ಇದು ನಂದಿಕೇಶ್ವರನ ಅಭಿನಯದರ್ಪಣದಲ್ಲಿದೆ ಅಂತಲೂ ಥಟ್ಟನೆ ಹೇಳುತ್ತಾರೆ. ಆದರೆ ಅಭಿನಯದರ್ಪಣವನ್ನು ಕೈಯಲ್ಲಿ ಹಿಡಿದು, ಹಿಂದಿನ ಪುಟ ಮುಂದಿನ ಪುಟ ತಿರುವಿ ನೋಡಿದ ಮಕ್ಕಳು ತೀರಾ ಕಡಿಮೆ. ಇದು ಮಕ್ಕಳ ತಪ್ಪಲ್ಲ. ನೋಡೋಣ ಅಂದರೆ ಪುಸ್ತಕ ಕೈಗೆ ಸಿಗಬೇಕಲ್ಲ!

ಪುಸ್ತಕ ಇಲ್ಲವೇ ಅಂದರೆ ಬೇಕಾದಷ್ಟಿವೆ. ಭರತನ ನಾಟ್ಯಶಾಸ್ತ್ರವನ್ನು ಆದ್ಯ ರಂಗಾಚಾರ್ಯರು, ಅಂದರೆ ನಮ್ಮ ನಾಟಕಕಾರ ಶ್ರೀರಂಗರು, ಕನ್ನಡಕ್ಕೆ ತಂದಿದ್ದಾರೆ. ಅದರ ನಾಲ್ಕನೆಯ ಅಧ್ಯಾಯದಲ್ಲಿ 108 ಕರಣಗಳ, ಅಂದರೆ ಕೈ ಕಾಲು ಒಟ್ಟಿಗೆ ಚಲಿಸುವ ನೃತ್ಯಭಂಗಿಗಳ, ವರ್ಣನೆ ಇದೆ. ಚಿದಂಬರದ ಗೋಪುರದಲ್ಲಿ ಕಲ್ಲಿನಲ್ಲಿ ಕಡೆದಿರುವುದು ಇವೇ ಕರಣಗಳನ್ನು. ಕನ್ನಡ ನಾಡಿನವರೇ ನೃತ್ಯದ ಬಗ್ಗೆ ಎಷ್ಟು ಬರೆದಿದ್ದಾರೆ ನೋಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅಡುಗೆ, ಬೇಟೆ, ಕುಸ್ತಿಯ ಜೊತೆಗೆ ನೃತ್ಯಕ್ಕೂ ಜಾಗ ಇದೆ. 16ನೇ ಶತಮಾನದ ಪುಂಡರೀಕ ವಿಠಲ ಕರ್ನಾಟಕದಿಂದ ಉತ್ತರಕ್ಕೆ ಹೋದವನು. ಅಲ್ಲಿಯ ಸಂಗೀತ, ನೃತ್ಯವನ್ನೂ ಕಂಡು ನರ್ತನನಿರ್ಣಯ ಬರೆದ. ಇನ್ನು ಕೆಳದಿಯ ಬಸವಪ್ಪ ನಾಯಕನ ಶಿವತತ್ತ್ವರತ್ನಾಕರವಂತೂ ನಮ್ಮ ನೆರೆಮನೆಯ ಗ್ರಂಥ. ಸಿದ್ದಾಪುರ ದಾಟಿದರೆ ಸಾಗರ, ಸಾಗರದ ಪಕ್ಕದಲ್ಲೇ ಕೆಳದಿ. ಅಷ್ಟು ಹತ್ತಿರದ ಅರಸುಮನೆತನದವರು ಬರೆದ ಪುಸ್ತಕದ ಹೆಸರೂ ನಮ್ಮ ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಹೇಗೆ?

ಪುಸ್ತಕದಿಂದಲೇ ತಿಳಿಯಬೇಕಾದ ಇನ್ನೊಂದು ವಿಷಯ ಇದೆ. ಇದು ಯಾರು ಉಳಿಸಿಕೊಂಡು ಬಂದ ಕಲೆ ಎಂಬುದು. ಆರಂಭದ ಅಲರಿಪ್ಪಿನಿಂದ ಕೊನೆಯ ತಿಲ್ಲಾನದವರೆಗೆ ಇಂದು ಮಕ್ಕಳು ಕಲಿಯುವ ಭರತನಾಟ್ಯದ ಕ್ರಮವನ್ನು ರೂಪಿಸಿದವರು 19ನೇ ಶತಮಾನದ ಮೊದಲ ಭಾಗದಲ್ಲಿದ್ದ ತಂಜಾವೂರಿನ ನಾಲ್ವರು ಸಹೋದರರು. ಅವರಲ್ಲಿ ಚಿನ್ನಯ್ಯ ನಮ್ಮ ಮೈಸೂರಿನ ಆಸ್ಥಾನಕ್ಕೆ ಬಂದವರು. ಆ ನೃತ್ಯವನ್ನು ತಲೆಮಾರುಗಳ ಕಾಲ ಮೈಯಲ್ಲಿ ಹೊತ್ತವರು ದೇವದಾಸಿಯರು. 1947ರಲ್ಲಿ ಮದ್ರಾಸಿನಲ್ಲಿ ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂತು. ಅಷ್ಟರೊಳಗೆ ರುಕ್ಮಿಣೀದೇವಿಯವರು 1936ರಲ್ಲಿ ಅಲ್ಲಿ ಕಲಾಕ್ಷೇತ್ರ ಎಂಬ ನೃತ್ಯಶಾಲೆ ಕಟ್ಟಿದ್ದರು. ದೇವದಾಸಿ ಮನೆತನದ ಬಾಲಸರಸ್ವತಿಯವರು ಮಾತ್ರ ತಮ್ಮ ಮನೆಯ ಪಾಠವನ್ನು ಬಿಡದೆ ಕುಣಿದರು. ನಮ್ಮಲ್ಲಿ ಕಡೂರು ಕಡೆಯ ಲಂಬಾಣಿ ತಾಂಡಾದಲ್ಲಿ 1906ರಲ್ಲಿ ಹುಟ್ಟಿದ ಕೆ. ವೆಂಕಟಲಕ್ಷ್ಮಮ್ಮನವರು, ಜಟ್ಟಿ ತಾಯಮ್ಮನವರ ಹತ್ತಿರ ಕಲಿತು ಭರತನಾಟ್ಯದ ಮೈಸೂರು ಶೈಲಿಯನ್ನು ಕಾಪಾಡಿಕೊಟ್ಟರು. ಅವರಿಗೆ 1992ರಲ್ಲಿ ಪದ್ಮಭೂಷಣ ಬಂತು. ಗೆಜ್ಜೆ ಕಟ್ಟುವ ಹುಡುಗಿಗೆ ಈ ಹೆಂಗಸರ ಕಥೆ ಗೊತ್ತಿರಲೇಬೇಕು. ಪರೀಕ್ಷೆಯಲ್ಲಿ ಕೇಳುತ್ತಾರೋ ಇಲ್ಲವೋ, ಅದು ಬೇರೆ ಮಾತು.

ಪುಸ್ತಕ ತಂದರೆ ಮುಗಿಯಲಿಲ್ಲ, ಉಳಿಸಿಕೊಳ್ಳುವುದೇ ಇಲ್ಲಿ ದೊಡ್ಡ ಕೆಲಸ. ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ. ಈಗ ಶಾಲೆಯಲ್ಲಿರುವ ಒಂದೇ ಒಂದು ಮರದ ಕಪಾಟನ್ನು ಆಷಾಢದಲ್ಲಿ ತೆಗೆದರೆ ಮೊದಲು ಮೂಗಿಗೆ ಬರುವುದು ಬೂಷ್ಟಿನ ವಾಸನೆ. ಪುಸ್ತಕದ ಬೆನ್ನಿನ ಮೇಲೆ ಬೂದಿ ಬಣ್ಣದ ಪುಡಿ. ಫೋಟೋ ಇರುವ ನುಣುಪು ಹಾಳೆಗಳಂತೂ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಬಿಡಿಸಲು ಹೋದರೆ ನರ್ತಕಿಯ ಮುಖವೇ ಈಚೆ ಪುಟಕ್ಕೆ ಕಿತ್ತು ಬರುತ್ತದೆ. ಮನೆಯಲ್ಲಿ ಹಿರಿಯರು ಮಾಡುತ್ತಿದ್ದ ಹಾಗೆ ಬಜೆ ಬೇರಿನ ತುಂಡು ಇಟ್ಟಿದ್ದೇವೆ, ಬೇವಿನ ಎಲೆ ಇಟ್ಟಿದ್ದೇವೆ. ಅದರಿಂದ ಹುಳ ದೂರ ಇರುತ್ತದೆ, ತೇವ ಹೋಗುವುದಿಲ್ಲ. ಹಾಗಾಗಿ ಗೋಡೆಗೆ ತಾಗದ ಹಾಗೆ ನಿಲ್ಲಿಸುವ ಸ್ಟೀಲ್ ಕಪಾಟುಗಳು, ಒಳಗೆ ಸಣ್ಣ ಬಲ್ಬು, ಕೋಣೆಗೆ ತೇವ ಎಳೆಯುವ ಒಂದು ಯಂತ್ರ ಬೇಕು. ಪುಸ್ತಕ, ಕಪಾಟು, ಓದಲು ಉದ್ದನೆಯ ಮೇಜು, ಎಲ್ಲ ಸೇರಿ ಇದಕ್ಕೆ ₹1,50,000 ಇಟ್ಟುಕೊಂಡಿದ್ದೇವೆ.

ಈಗ ಪ್ರದರ್ಶನದ ವಿಷಯ.

ವಾರ್ಷಿಕೋತ್ಸವದಲ್ಲಿ ಒಂದೊಂದು ಗುಂಪಿಗೆ ಸಿಗುವುದು ಐದಾರು ನಿಮಿಷ. ಮೊಬೈಲಿನಲ್ಲಿ ನೋಡುವ ತುಣುಕು ಅದಕ್ಕಿಂತಲೂ ಚಿಕ್ಕದು. ಭರತನಾಟ್ಯದ ಮುಖ್ಯ ಭಾಗವಾದ ಒಂದು ವರ್ಣವನ್ನೇ ಅರ್ಧ ಗಂಟೆ, ಮುಕ್ಕಾಲು ಗಂಟೆ ಮಾಡುತ್ತಾರೆ ಎಂಬುದನ್ನು ಮಕ್ಕಳು ಕೇಳಿದ್ದಾರೆ, ಕೂತು ನೋಡಿಲ್ಲ. ಎದುರಿಗೆ ಕೂತು ಹಾಡುವವರಿದ್ದಾಗ ಏನಾಗುತ್ತದೆ ಅನ್ನುವುದನ್ನಂತೂ ನೋಡಿಯೇ ತಿಳಿಯಬೇಕು. ಹಾಡಿನಲ್ಲಿ 'ಕೃಷ್ಣಾ ಬಾರೋ' ಎಂಬ ಒಂದೇ ಸಾಲು ಇದೆ ಅಂತ ಇಟ್ಟುಕೊಳ್ಳಿ. ನರ್ತಕಿ ಅದಕ್ಕೆ ಸಂಚಾರಿ ಮಾಡುತ್ತಾಳೆ, ಅಂದರೆ ಒಂದೇ ಸಾಲನ್ನು ಬೇರೆ ಬೇರೆ ಭಾವದಲ್ಲಿ ಬೆಳೆಸುತ್ತಾಳೆ. ಮೊದಲು ಬಾಗಿಲಲ್ಲಿ ನಿಂತು ಕರೆಯುತ್ತಾಳೆ. ಆಮೇಲೆ ಬೆಣ್ಣೆ ತೋರಿಸಿ ಆಸೆ ಹುಟ್ಟಿಸುತ್ತಾಳೆ. ಬರಲಿಲ್ಲ ಅಂತ ಸಿಟ್ಟು ಮಾಡುತ್ತಾಳೆ. ಕತ್ತಲಾಯಿತು ಅಂತ ಹೆದರುತ್ತಾಳೆ. ಹಾಡುವವರು ಅವಳ ಮುಖವನ್ನೇ ನೋಡುತ್ತಾ ಅದೇ ಸಾಲನ್ನು ಮತ್ತೆ ಮತ್ತೆ, ಪ್ರತಿ ಸಲವೂ ಬೇರೆ ಎಳೆಯಲ್ಲಿ ಹಾಡುತ್ತಾರೆ. ಅವಳ ಭಾವ ಮುಗಿಯುವವರೆಗೆ ಸಾಲು ಮುಗಿಯುವುದಿಲ್ಲ. ಮೃದಂಗದವರು ಅವಳ ಹುಬ್ಬು ಏರಿದ್ದನ್ನು ಕಂಡು ಕೈ ತಗ್ಗಿಸುತ್ತಾರೆ. ಪೆನ್‌ಡ್ರೈವಿನಲ್ಲಿ ತುಂಬಿದ ಹಾಡು ಹೀಗೆ ಕಾಯುವುದಿಲ್ಲ. ನಾಲ್ಕು ಸಲ ಅಂತ ರೆಕಾರ್ಡ್ ಆಗಿದ್ದರೆ ನಾಲ್ಕೇ ಸಲ. ಅದರ ಹಿಂದೆ ಓಡಿ ಓಡಿ ಕಲಿತ ಮಕ್ಕಳಿಗೆ ಅಭಿನಯ ಅಂದರೆ ಲೆಕ್ಕ ಹಾಕಿ ಮುಖ ಬದಲಿಸುವುದು ಅಂತ ಆಗಿಬಿಟ್ಟಿದೆ. ನಮಗೆ ಜಾಸ್ತಿ ಚಿಂತೆ ಇರುವುದು ಇದರದ್ದೇ.

ನಮ್ಮ ಜನರಿಗೆ ಇದು ಅರ್ಥವಾಗುತ್ತದೋ ಅಂತ ಕೆಲವರು ಕೇಳುತ್ತಾರೆ. ಖಂಡಿತ ಆಗುತ್ತದೆ. ಯಕ್ಷಗಾನದಲ್ಲಿ ಭಾಗವತರು ಒಂದು ಪದ್ಯವನ್ನು ಎತ್ತುಗಡೆ ಮಾಡಿ ಎಳೆದರೆ ವೇಷಧಾರಿ ಅದನ್ನು ಹೇಗೆ ಬೆಳೆಸುತ್ತಾನೆ ಅಂತ ಬೆಳಗಿನ ತನಕ ಕೂತು ನೋಡಿದ ಊರು ಇದು. ಮಳೆಗಾಲದಲ್ಲಿ ವೇಷ ಇಲ್ಲದಿದ್ದರೂ ತಾಳಮದ್ದಳೆ ಬೇಕು ನಮಗೆ. ಹೊನ್ನಾವರದ ಗುಣವಂತೆಯ ಕೆರೆಮನೆ ಶಂಭು ಹೆಗಡೆಯವರು ದೆಹಲಿಗೆ ಹೋಗಿ, ಕಥಕ್ ಕಲಾವಿದೆ ಮಾಯಾರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದರು. ಆದರೂ ಅವರ ಆಟ ನಮ್ಮ ಕಡೆಯ ಬಡಗುತಿಟ್ಟಿನ ಯಕ್ಷಗಾನವಾಗಿಯೇ ಉಳಿಯಿತು, ಇನ್ನಷ್ಟು ಚೊಕ್ಕವಾಯಿತು. 2009ರಲ್ಲಿ ಇಡಗುಂಜಿಯಲ್ಲಿ ರಾಮನ ವೇಷದಲ್ಲಿದ್ದಾಗಲೇ ಅವರು ತೀರಿಕೊಂಡರು. ಇನ್ನೊಂದು ನೃತ್ಯವನ್ನು ಗೌರವದಿಂದ ನೋಡಿದರೆ ನಮ್ಮದಕ್ಕೆ ಲಾಭವೇ ಹೊರತು ನಷ್ಟ ಇಲ್ಲ ಅಂತ ನಾವು ನಂಬಿರುವುದು ಅವರನ್ನು ನೋಡಿಯೇ.

ನಾಲ್ಕು ಸಂಜೆಗಳಲ್ಲಿ ಮೊದಲನೆಯದು ಭರತನಾಟ್ಯದ ಪೂರ್ಣ ಮಾರ್ಗ, ಅಂದರೆ ಅಲರಿಪ್ಪಿನಿಂದ ತಿಲ್ಲಾನದವರೆಗಿನ ಇಡೀ ಕ್ರಮ, ಹಿಮ್ಮೇಳದ ಸಮೇತ. ಅದರ ಕೊನೆಯ ಭಾಗದಲ್ಲಿ ಸೋದೆಯ ವಾದಿರಾಜರ ರಚನೆಗಳಿರಬೇಕು ಅಂತ ಕೇಳಿಕೊಳ್ಳಲಿದ್ದೇವೆ. ಅವರ ದಶಾವತಾರ ಸ್ತುತಿ ಅಶ್ವಧಾಟಿಯ, ಅಂದರೆ ಕುದುರೆಯ ಓಟದ ಲಯದಲ್ಲಿದೆ. ಸುಮ್ನೆ ಗಟ್ಟಿಯಾಗಿ ಓದಿದರೂ ಕಾಲು ತಾನಾಗಿ ತಟ್ಟುತ್ತದೆ. ಎರಡನೆಯ ಸಂಜೆ ಕಥಕ್. ಮೂರನೆಯದು ಬಡಗುತಿಟ್ಟಿನ ಯಕ್ಷಗಾನದ ಒಡ್ಡೋಲಗ, ಅಂದರೆ ಪಾತ್ರಗಳ ಪ್ರವೇಶದ ಕುಣಿತ, ಮತ್ತು ಇತರ ಕುಣಿತದ ಪ್ರಾತ್ಯಕ್ಷಿಕೆ. ಇದನ್ನು ಬೇಕೆಂದೇ ಅದೇ ವೇದಿಕೆಯಲ್ಲಿ, ಅದೇ ಗೌರವದಲ್ಲಿ ಇಟ್ಟಿದ್ದೇವೆ. ನಾಲ್ಕನೆಯದು ಮಣಿಪುರಿ, ಅದು ಶಿರಸಿಯಲ್ಲಲ್ಲ, ಕಾರವಾರದಲ್ಲಿ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದಾಗ ರವೀಂದ್ರನಾಥ ಠಾಕೂರರು ಬಂದು ಉಳಿದು, ಅಲ್ಲಿಯೇ ನಾಟಕವೊಂದನ್ನು ಬರೆದರು. ಅದೇ ಠಾಕೂರರು 1919ರಲ್ಲಿ ಸಿಲ್ಹೆಟ್‌ನಲ್ಲಿ ಮಣಿಪುರಿ ನೃತ್ಯ ನೋಡಿ ಮನಸೋತು, ಶಾಂತಿನಿಕೇತನಕ್ಕೆ ಗುರುಗಳನ್ನು ಕರೆಸಿ ಕಲಿಸಿದರು. ಅವರ ಹೆಸರಿನ ಕಡಲತೀರ ಇರುವ ಊರಿನಲ್ಲೇ ಆ ನೃತ್ಯ ಆಗಲಿ ಅಂತ ನಮ್ಮ ಆಸೆ. ಅಂಕೋಲಾ, ಕುಮಟಾದ ಮಕ್ಕಳಿಗೂ ಘಟ್ಟ ಹತ್ತುವ ತಾಪತ್ರಯ ತಪ್ಪುತ್ತದೆ.

ಪ್ರತಿ ಪ್ರದರ್ಶನದ ಬೆಳಿಗ್ಗೆ ಓದುವ ಕೋಣೆಯಲ್ಲಿ ಎರಡು ಗಂಟೆ ಓದು. ಸಂಜೆ ನೋಡಲಿರುವ ನೃತ್ಯದ ಬಗ್ಗೆ ಪುಸ್ತಕದಿಂದ ಆಯ್ದ ಪುಟಗಳನ್ನು ಮಕ್ಕಳೇ ಓದುತ್ತಾರೆ. ಬಂದ ಕಲಾವಿದರು ಪಕ್ಕದಲ್ಲಿ ಕೂತು ಮಾಡಿ ತೋರಿಸುತ್ತಾರೆ. ಕಾರವಾರದ ಕಾರ್ಯಕ್ರಮಕ್ಕೆ ಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ಅಲ್ಲಿಗೇ ಒಯ್ಯುತ್ತೇವೆ. ಬನವಾಸಿಗೂ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗುವುದಿದೆ. ಮಧುಕೇಶ್ವರ ದೇವಸ್ಥಾನದ ನೃತ್ಯಮಂಟಪದಲ್ಲಿ, ಆ ನುಣುಪಾದ ಕಂಬಗಳ ನಡುವೆ ನಿಂತು ನೋಡಿದರೆ ಪುಸ್ತಕದ ಎಷ್ಟೋ ಮಾತು ತಾನಾಗಿ ಗೊತ್ತಾಗುತ್ತದೆ.

ನಾಲ್ಕೂ ಸಂಜೆಗೆ ₹4,00,000 ಬೇಕು. ಇದರಲ್ಲಿ ಬಹುಪಾಲು ಕಲಾವಿದರ ಸಂಭಾವನೆ ಮತ್ತು ಪ್ರಯಾಣ. ಹಾಡುವವರಿಗೆ, ತಾಳ ಹಿಡಿದು ನೃತ್ಯ ನಡೆಸುವ ನಟ್ಟುವಾಂಗದವರಿಗೆ, ಮೃದಂಗ, ಕೊಳಲಿನವರಿಗೆ ಸರಿಯಾದ ಸಂಭಾವನೆ ಕೊಟ್ಟೇ ಕರೆಸುತ್ತೇವೆ. ಸಣ್ಣ ಊರು, ಸೇವೆ ಅಂತ ಮಾಡಿಕೊಡಿ ಎಂದು ಕೇಳುವುದಿಲ್ಲ. ಶಿರಸಿಗೆ ಬರುವವರ ಊಟ, ವಸತಿ ನಮ್ಮ ಪಾಲಕರ ಮನೆಗಳಲ್ಲಿ. ಅಪ್ಪೆಹುಳಿ, ತಂಬುಳಿ, ತೊಡದೇವಿಗೆ ನಮ್ಮ ಕಡೆ ಬರ ಇಲ್ಲ, ಹಾಗಾಗಿ ಆ ಖರ್ಚನ್ನು ನಿಮ್ಮ ಹತ್ತಿರ ಕೇಳುತ್ತಿಲ್ಲ.

ಉಳಿದ ₹2,00,000 ನೆಲಕ್ಕೆ. ಈಗ ಮಕ್ಕಳು ಮೊಣಕಾಲು ಬಗ್ಗಿಸಿ ಅರಮಂಡಿಯಲ್ಲಿ ಕೂತು ತಟ್ಟುವುದು ಕಾಂಕ್ರೀಟಿನ ಮೇಲೆ ಹಾಸಿದ ಟೈಲ್ಸಿನಲ್ಲಿ. ಅದು ಒಂದು ಚೂರೂ ಬಗ್ಗುವುದಿಲ್ಲ, ತಟ್ಟಿದ ಪೆಟ್ಟೆಲ್ಲ ಹಿಮ್ಮಡಿ ಮತ್ತು ಮೊಣಕಾಲಿಗೆ ವಾಪಸ್ ಬರುತ್ತದೆ. ಹದಿನಾಲ್ಕು ವರ್ಷದ ಹುಡುಗಿ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕ್ಲಾಸಿಗೆ ಬರುವುದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ. ಕೆಳಗೆ ಮರದ ಪಟ್ಟಿ, ರಬ್ಬರು ಕೊಟ್ಟು, ಮೇಲೆ ಹಲಗೆ ಹಾಸಿದರೆ ನೆಲ ಸ್ವಲ್ಪ ಬಳುಕುತ್ತದೆ, ಪೆಟ್ಟು ಕಡಿಮೆಯಾಗುತ್ತದೆ. ಹೊರಗಿಂದ ಬರುವ ಕಲಾವಿದರು ಮೊದಲು ವಿಚಾರಿಸುವುದೂ ನೆಲದ್ದನ್ನೇ ಅಲ್ವಾ?

₹500 ಕೊಟ್ಟರೆ ಕಪಾಟಿಗೆ ಒಂದು ಪುಸ್ತಕ ಬರುತ್ತದೆ, ಅದರ ಮೊದಲ ಪುಟದಲ್ಲಿ ನಿಮ್ಮ ಹೆಸರು ಅಥವಾ ನೀವು ನೆನೆಯುವವರ ಹೆಸರು ಬರೆಯುತ್ತೇವೆ. ₹5,000 ಕೊಟ್ಟರೆ ಹಿಮ್ಮೇಳದ ಒಬ್ಬರ ಸಂಭಾವನೆಗೆ ಸೇರಿಸುತ್ತೇವೆ. ಒಂದು ಸಂಜೆಯನ್ನು ಪೂರ್ತಿ ವಹಿಸಿಕೊಳ್ಳುವ ಮನೆತನ, ಸಂಘ, ಬ್ಯಾಂಕು ಇದ್ದರೆ ದಯವಿಟ್ಟು ಮುಂದೆ ಬನ್ನಿ, ಕೂತು ಮಾತಾಡೋಣ. ಅಡಿಕೆ ಮಾರಿದ ಮೇಲೆ ಕೊಡುತ್ತೇವೆ ಅನ್ನುವವರು ಈಗ ಹೆಸರು ಬರೆಸಿದರೆ ಸಾಕು. ದುಡ್ಡಿನ ಬದಲು ಹಲಸು, ಮತ್ತಿಯ ಹಲಗೆ ಕೊಡುವವರಿದ್ದರೂ ಸ್ವಾಗತ, ನಮ್ಮ ಆಚಾರಿಯವರು ಬಂದು ನೋಡುತ್ತಾರೆ.

ಮನೆಯ ಅಟ್ಟದ ಮೇಲೆ ನೃತ್ಯ, ಸಂಗೀತ, ಯಕ್ಷಗಾನದ ಹಳೆಯ ಪುಸ್ತಕ, ಪ್ರಸಂಗ ಪ್ರತಿ, ಕಾರ್ಯಕ್ರಮದ ಕರಪತ್ರ, ಫೋಟೋ ಇದ್ದರೆ ರದ್ದಿಗೆ ಹಾಕಬೇಡಿ. ಹಾಳೆ ಅಂಟಿಕೊಂಡಿದ್ದರೆ ಕೀಳದೆ ಹಾಗೇ ಕಳಿಸಿ. ಕೊಡಲು ಮನಸ್ಸಿಲ್ಲದಿದ್ದರೆ ಫೋಟೋ ತೆಗೆದುಕೊಂಡು ವಾಪಸ್ ಕೊಡುತ್ತೇವೆ.

ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ನಮಗೂ ನಿಮಗೂ ಅನುಕೂಲ. ₹2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ದೇಣಿಗೆಯ ವಿನಾಯಿತಿ ಸಿಗುವುದಿಲ್ಲ, ಗಮನಿಸಿ. ಖಾತೆಯ ವಿವರ ಮನವಿಯ ಜೊತೆಯ ಚೀಟಿಯಲ್ಲಿದೆ. ಎಷ್ಟೇ ಸಣ್ಣ ಮೊತ್ತವಾದರೂ ರಶೀದಿ ಕೇಳಿ ಪಡೆಯಿರಿ. ಬಂದದ್ದು, ಖರ್ಚಾದದ್ದು ಎರಡನ್ನೂ ತಿಂಗಳಿಗೊಮ್ಮೆ ಶಾಲೆಯ ಫಲಕದಲ್ಲಿ ಹಾಕುತ್ತೇವೆ.

ಪ್ರದರ್ಶನಗಳಿಗೆ ಟಿಕೆಟ್ ಇಲ್ಲ. ಎಲ್ಲಾ ಕಡೆಯೂ ಮುಂದಿನ ಎರಡು ಸಾಲು ಮಕ್ಕಳಿಗೆ, ದಾನಿಗಳು ಮತ್ತು ಅತಿಥಿಗಳು ಮೂರನೆಯ ಸಾಲಿನಿಂದ. ಸನ್ಮಾನ, ಭಾಷಣ ಎಲ್ಲ ಬೆಳಗಿನ ಓದಿನ ಹೊತ್ತಿಗೇ ಮುಗಿಸುತ್ತೇವೆ. ಸಂಜೆ ಆರೂವರೆಗೆ ಸರಿಯಾಗಿ ನೃತ್ಯ ಶುರು. ದೂರದ ಹಳ್ಳಿಯವರು ಕೊನೆಯ ಬಸ್ ಹಿಡಿಯಬೇಕು, ಆದ್ದರಿಂದ ಒಂಬತ್ತಕ್ಕೆ ಮುಗಿಸುತ್ತೇವೆ. ಮಕ್ಕಳನ್ನು ಕರೆದುಕೊಂಡು ಬನ್ನಿ.

ನಿಮ್ಮ
ಅಧ್ಯಕ್ಷರು, ಕಾರ್ಯದರ್ಶಿ, ಗುರುಗಳು ಮತ್ತು ಎಲ್ಲ ವಿದ್ಯಾರ್ಥಿಗಳು
ನೃತ್ಯಶಾಲೆ, ಶಿರಸಿ